ಅರ್ಧಕ್ಕೆ ನಿಂತ ಆಂಟೆನಾ

ನಮ್ಮ ತಂದೆಯವರು ಮೈಸೂರಿನಲ್ಲಿ ಕಾರುಗಳ ವೈರಿಂಗ್ ಕೆಲಸ ಮಾಡುತ್ತಾರೆ. ಅವರು ಓದಿದ್ದು ಮೂರನೆಯ ತರಗತಿಯವರೆಗೆ. ನಾನು ಬಿ.ಎ.ಗೆ ಸೇರಿದಂದಿನಿಂದ ಅಂಗಡಿಯಲ್ಲಿ ಸ್ಪ್ಯಾನರು ಮುಟ್ಟಕೂಡದೆಂಬುದು ಅವರ ಕಟ್ಟಪ್ಪಣೆ. "ಕೈಗೆ ಎಣ್ಣೆ ಹತ್ತಿದರೆ ಪೆನ್ನು ಜಾರುತ್ತದೆ" ಎನ್ನುತ್ತಾರೆ. ಆ ಅಪ್ಪಣೆಯನ್ನು ನಾನು ಮೀರಿದ ಕಥೆ ಇದು. ಓದುಗ ಮಹಾಶಯರು ಇದರಲ್ಲಿ ಸಾಹಿತ್ಯವನ್ನು ಹುಡುಕಬಾರದಾಗಿ ಪ್ರಾರ್ಥನೆ.

ಪರೀಕ್ಷೆಯ ಶುಲ್ಕ ಕಟ್ಟಲು ಒಂದು ವಾರವಿತ್ತು. ನಿವೃತ್ತ ವೈದ್ಯರೊಬ್ಬರು ತಮ್ಮ ಹಳೆಯ ಮರ್ಸಿಡಿಸ್ ಕಾರನ್ನು ತಂದು ನಿಲ್ಲಿಸಿದರು. 123 ಎಂಬ ಮಾದರಿ. 1976ರಲ್ಲಿ ಮಾರುಕಟ್ಟೆಗೆ ಬಂದು, 1986ರಲ್ಲಿ ನಿಲ್ಲುವ ಹೊತ್ತಿಗೆ ಸುಮಾರು 27 ಲಕ್ಷ ತಯಾರಾಗಿದ್ದುವಂತೆ. ಅದರಲ್ಲಿ ರೇಡಿಯೋ ಹಾಕಿದರೆ ಮಡ್‌ಗಾರ್ಡಿನೊಳಗಿಂದ ಆಂಟೆನಾ ತಾನಾಗಿ ಮೇಲೇಳಬೇಕು, ಆರಿಸಿದರೆ ತಾನಾಗಿ ಇಳಿಯಬೇಕು. ಇದಾದರೋ ಅರ್ಧ ಎದ್ದು, ಉತ್ತರ ತಿಳಿಯದೆ ಎದ್ದುನಿಂತ ವಿದ್ಯಾರ್ಥಿಯಂತೆ ಅಲ್ಲಿಯೇ ನಡುಗುತ್ತಿತ್ತು.

ತಂದೆಯವರು ಸಾಮಾನು ತರಲು ಪೇಟೆಗೆ ಹೋಗಿದ್ದರು. ಪದವೀಧರನಾಗಲಿರುವವನಿಗೆ ಒಂದು ಕಡ್ಡಿ ಯಾವ ಲೆಕ್ಕ? ಬಿಗಿಯಾದದ್ದಕ್ಕೆ ಗ್ರೀಸೇ ಮದ್ದೆಂದು ನಿಶ್ಚಯಿಸಿ, ಬೇರಿಂಗಿಗೆ ಹಾಕುವ ಗಟ್ಟಿ ಗ್ರೀಸನ್ನು ಧಾರಾಳವಾಗಿ ಬಳಿದು, ರೇಡಿಯೋವನ್ನು ಹಾಕುತ್ತ ಆರಿಸುತ್ತ ಕುಳಿತೆ. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಒಳಗೆ ಟಪ್ಪೆಂದು ಸದ್ದಾಯಿತು. ಆಮೇಲೆ ಮೋಟಾರು ಬಹಳ ಸಲೀಸಾಗಿ ತಿರುಗತೊಡಗಿತು; ಕಡ್ಡಿ ಮಾತ್ರ ಅಲುಗಲಿಲ್ಲ.

ತಂದೆಯವರು ಬಂದು, ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು, ಬೆರಳನ್ನು ಮೂಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇದಕ್ಕೆ ಹಸಿವಿರಲಿಲ್ಲ, ಮೈ ಕೊಳೆಯಾಗಿತ್ತು" ಎಂದಷ್ಟೇ ಹೇಳಿ ಅದನ್ನು ಬಿಚ್ಚತೊಡಗಿದರು.

ಬಿಚ್ಚಿದಾಗ ನನಗೆ ತಿಳಿದದ್ದು ಇಷ್ಟು. ಆಂಟೆನಾ ಎಂಬುದು ಒಂದರೊಳಗೊಂದು ಹೊಕ್ಕ ಕೊಳವೆಗಳ ಸಾಲು. ಎಲ್ಲಕ್ಕಿಂತ ತೆಳುವಾದ ಒಳಗಡ್ಡಿಯ ಬುಡಕ್ಕೆ ಒಂದು ಪಕ್ಕದಲ್ಲಿ ಹಲ್ಲುಳ್ಳ ನೈಲಾನ್ ಹುರಿ ಇರುತ್ತದೆ. ಮೋಟಾರಿನ ಗೇರು ಆ ಹಲ್ಲುಗಳನ್ನು ಹಿಡಿದು ಹುರಿಯನ್ನು ಮೇಲಕ್ಕೆ ನೂಕುತ್ತದೆ, ಇಲ್ಲವೆ ಕೆಳಗೆಳೆದು ಸುತ್ತಿಡುತ್ತದೆ. ಕೊಳವೆಗಳ ನಡುವೆ ಇರುವುದು ಕೂದಲೆಳೆಯ ಸಂದು. ಅಲ್ಲಿ ಹಳೆಯ ಎಣ್ಣೆ ಧೂಳಿನೊಡನೆ ಕೂಡಿ ಅಂಟಾಗುತ್ತದೆ. ಗಟ್ಟಿ ಗ್ರೀಸು ಅದಕ್ಕೆ ಇನ್ನಷ್ಟು ಧೂಳನ್ನು ಕರೆತರುತ್ತದೆಯೇ ಹೊರತು ಬೇರೇನನ್ನೂ ಮಾಡದು. ಸೀಮೆಎಣ್ಣೆ ತಾಗಿಸಿದ ಬಟ್ಟೆಯಿಂದ ಒರೆಸಿ, ಏರಿಸಿ ಇಳಿಸಿ, ಪ್ರತಿಸಲವೂ ಹೊರಬರುವ ಕಪ್ಪನ್ನು ತೆಗೆದು, ಕಡೆಗೆ ತೆಳುವಾದ ಎಣ್ಣೆಯನ್ನು ಸವರಿ ಅದನ್ನೂ ಒರೆಸಿಬಿಡಬೇಕಾಗಿತ್ತು. ಅರ್ಧ ಗಂಟೆಯ ಕೆಲಸ. ಈಗ ಹುರಿಯೇ ತುಂಡಾಗಿತ್ತು. ಹೊಸ ಕಡ್ಡಿಯನ್ನು ಬೆಂಗಳೂರಿನಿಂದ ತರಿಸಬೇಕಾಯಿತು. ನನ್ನ ಪರೀಕ್ಷೆಯ ಶುಲ್ಕವಿದ್ದ ಡಬ್ಬಿ ಅಂದು ಸಂಜೆ ಖಾಲಿಯಾಯಿತು.

ಹೊಸ ಕಡ್ಡಿಯೊಡನೆ ಇಂಗ್ಲಿಷಿನ ಒಂದು ಚೀಟಿ ಬಂದಿತು. ತಂದೆಯವರು ಅದನ್ನು ನನ್ನ ಕೈಗಿತ್ತು, "ಓದು" ಎಂದರು. ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಹಲ್ಲುಗಳು ಗೇರಿನತ್ತ ಮುಖ ಮಾಡಿರಬೇಕು ಎಂಬಲ್ಲಿ ನನಗೆ ಗೇರು ಯಾವ ಕಡೆಗಿದೆಯೆಂದೇ ತಿಳಿಯದು. ಅವರು ಆಗಲೇ ಮೋಟಾರಿನ ಗೂಡನ್ನು ತೆರೆದು, ಒಳಗೆ ಸಿಕ್ಕಿಕೊಂಡಿದ್ದ ಹಳೆಯ ಹುರಿಯ ತುಂಡನ್ನು ತೆಗೆದು, ಕೆಳಗೆ ನೀರು ಬಸಿಯುವ ತೂತಿನಲ್ಲಿ ಕಟ್ಟಿದ್ದ ಕೆಸರನ್ನು ತಂತಿಯಿಂದ ಚುಚ್ಚಿ ತೆಗೆದಿದ್ದರು. ಎಲ್ಲವನ್ನೂ ಮುಚ್ಚಿ ಮೊದಲಿದ್ದಲ್ಲಿ ಕೂರಿಸಿದ ಮೇಲೆ ಹುರಿಯನ್ನು ನನ್ನ ಕೈಗೆ ಕೊಟ್ಟು ಮೇಲಿನಿಂದ ಇಳಿಬಿಡಿಸಿದರು. ನನಗೆ ಆಶ್ಚರ್ಯವಾಯಿತು, ಅಪ್ಪಣೆಯನ್ನು ಅವರೇ ಮುರಿದಿದ್ದರು. "ನೂಕಬೇಡ. ಅದು ಹಿಡಿದಾಗ ನಿನ್ನ ಬೆರಳಿಗೇ ಗೊತ್ತಾಗುತ್ತದೆ" ಎಂದು ಹೇಳಿ, ಹಾಕಿಟ್ಟಿದ್ದ ರೇಡಿಯೋವನ್ನು ಆರಿಸಿದರು. ಮೀನು ಗಾಳವನ್ನು ಜಗ್ಗಿದಂತೆ ಹುರಿ ನನ್ನ ಬೆರಳನ್ನು ಜಗ್ಗಿತು; ಕಡ್ಡಿ ಸರಸರನೆ ಒಳಗಿಳಿಯಿತು. ಮೇಲಿನ ನಟ್ಟನ್ನು ಬಿಗಿದೆವು.

ಮತ್ತೆ ರೇಡಿಯೋ ಹಾಕಿದಾಗ ಆಂಟೆನಾ ಪೂರ್ತಿ ಎದ್ದುನಿಂತು 100.6ರಲ್ಲಿ ಮೈಸೂರು ಆಕಾಶವಾಣಿ ಸ್ಪಷ್ಟವಾಗಿ ಕೇಳಿಸಿತು. ಆ ಅಲೆಯ ಉದ್ದ ಸುಮಾರು 3 ಮೀಟರು. ಅದರ ಕಾಲುಭಾಗ, ಎಂದರೆ ಮುಕ್ಕಾಲು ಮೀಟರಿನಷ್ಟು ಕಡ್ಡಿ ಅದಕ್ಕೆ ಚೆನ್ನಾಗಿ ಒಗ್ಗುತ್ತದೆಂದು ವಿಜ್ಞಾನದ ಗೆಳೆಯನೊಬ್ಬ ಆಮೇಲೆ ಹೇಳಿದ. ಚರಿತ್ರೆಯ ವಿದ್ಯಾರ್ಥಿಯಾದ ನಾನು ಸುಮ್ಮನಿರಲಾರದೆ, ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಇದೇ ಊರಿನ ತಮ್ಮ ಮನೆಯಲ್ಲಿ ಬಾನುಲಿಯನ್ನು ಆರಂಭಿಸಿದ್ದನ್ನು ಅವನಿಗೆ ಹೇಳಿ ಲೆಕ್ಕ ಸರಿಮಾಡಿದೆ.

ವೈದ್ಯರು ಬಂದು ಹೊಸ ಕಡ್ಡಿಯನ್ನು ಕಂಡು, "ಹಳೆಯದು ಏನಾಯಿತು?" ಎಂದರು. ನಾನು ನೆಲ ನೋಡಿದೆ. "ನಮ್ಮ ಕೈಯಲ್ಲೇ ಮುರಿಯಿತು, ಸ್ವಾಮಿ. ಅದರ ದುಡ್ಡು ಬೇಡ" ಎಂದರು ತಂದೆಯವರು. "ನಮ್ಮ" ಎಂದ ಆ ಮಾತು ನನ್ನನ್ನು ಚುಚ್ಚಿತು. ಆದರೂ ನನ್ನ ಬಾಯಿ ಏಳಲಿಲ್ಲ. ಕಾರು ಹೊರಟುಹೋಯಿತು. ಅದು ತಿರುವು ದಾಟಿದ ಮೇಲೆ ನನಗೆ ಹೇಳಬೇಕಾದ ಮಾತುಗಳೆಲ್ಲ ಹೊಳೆದುವು.

ಶುಲ್ಕವನ್ನು ಹನ್ನೊಂದು ದಿನ ತಡವಾಗಿ, ದಂಡಸಹಿತ ಕಟ್ಟಿದೆ. ಗುಮಾಸ್ತರು ನನ್ನ ಕಪ್ಪಾದ ಉಗುರುಗಳನ್ನು ನೋಡಿ, "ತಡವೇಕಯ್ಯಾ?" ಎಂದರು.

"ಆಂಟೆನಾ ಸಾರ್" ಎಂದೆ.

ಅವರು ತಲೆಯೆತ್ತದೆ ರಸೀತಿ ಹರಿದುಕೊಟ್ಟರು.