ಮಂಜು ಕೊರೆದ ಕಣಿವೆಯಲ್ಲಿ ನಾಲ್ಕು ದಿನ

"ಅಲ್ರೀ, ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತಾ? ಮಾರ್ಚ್ ತಿಂಗಳ ಜೋಗದ ಹಾಗಿದೆಯಲ್ಲ!"

ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್ ಎಂಬ ಹಳ್ಳಿಯ ಬೀದಿಯಲ್ಲಿ ಕತ್ತೆತ್ತಿ ನಿಂತು ನನ್ನಾಕೆ ಕೊಟ್ಟ ತೀರ್ಪು ಇದು. ಎದುರಿಗಿದ್ದದ್ದು ಸ್ಟೌಬ್‌ಬಾಖ್ ಜಲಪಾತ. ಎತ್ತರ 297 ಮೀಟರ್. ನಮ್ಮ ಜೋಗದ ರಾಜಾ 253 ಮೀಟರ್. ಸಾಗರ ತಾಲ್ಲೂಕಿನವರಾದ ನಮಗೆ ಈ ಲೆಕ್ಕ ಅಷ್ಟು ಸುಲಭವಾಗಿ ಗಂಟಲಲ್ಲಿ ಇಳಿಯುವಂಥದ್ದಲ್ಲ. ಆದರೆ ಅಕ್ಟೋಬರ್ ತಿಂಗಳಾದ್ದರಿಂದ ನೀರು ಕಡಿಮೆ. ಬಂಡೆಯ ಅಂಚಿನಿಂದ ಜಿಗಿದ ಬಿಳಿಯ ಎಳೆ ಅರ್ಧ ದಾರಿಗೆ ಬರುವಷ್ಟರಲ್ಲಿ ಹೊಗೆಯಂತೆ ಚದುರಿ, ಗಾಳಿ ತಳ್ಳಿದ ಕಡೆಗೆ ತೊನೆದಾಡುತ್ತಿತ್ತು.

ಹೆಸರಿನ ಅರ್ಥವೂ ಅದೇ. ಜರ್ಮನ್ ಭಾಷೆಯಲ್ಲಿ ಸ್ಟೌಬ್ ಎಂದರೆ ಧೂಳು, ಬಾಖ್ ಎಂದರೆ ಹಳ್ಳ. ಧೂಳಿನ ಹಳ್ಳ! ಮೇಷ್ಟರ ಬುದ್ಧಿ, ಅಲ್ಲೇ ಲೆಕ್ಕ ಹಾಕಿದೆ. ಗಾಳಿಯೇ ಇಲ್ಲದಿದ್ದರೆ ಅಷ್ಟು ಎತ್ತರದಿಂದ ಬಿದ್ದ ಹನಿ ಎಂಟು ಸೆಕೆಂಡಿನೊಳಗೆ ನೆಲ ಮುಟ್ಟಬೇಕು, ಅದೂ ಗಂಟೆಗೆ 270 ಕಿ.ಮೀ. ವೇಗದಲ್ಲಿ. ಆದರೆ ಗಾಳಿ ಬಿಟ್ಟೀತೇ? ನೀರನ್ನು ಸೀಳಿ ಸೀಳಿ ಹನಿ ಮಾಡುತ್ತದೆ. ದಪ್ಪ ಹನಿಯೂ ಗಂಟೆಗೆ 30-35 ಕಿ.ಮೀ. ದಾಟಲಾರದು. ಸಣ್ಣದಾದಂತೆ ಇನ್ನೂ ನಿಧಾನ. ಕೊನೆಗೆ ನೀರು ಬೀಳುವುದನ್ನೇ ಮರೆತು ತೇಲತೊಡಗುತ್ತದೆ. ಕವಿ ಗಯಟೆ 1779ರಲ್ಲಿ ಇಲ್ಲಿಗೆ ಬಂದವನು ಇದನ್ನು ಕಂಡು, ಮನುಷ್ಯನ ಆತ್ಮವನ್ನು ನೀರಿಗೆ ಹೋಲಿಸಿ ಕವಿತೆ ಬರೆದ. ನನಗೆ ಹೊಳೆದದ್ದು ಒಂಬತ್ತನೇ ತರಗತಿಯ ಚಲನೆಯ ಪಾಠ. ಅವರವರ ಭಾಗ್ಯ.

ಮಗಳು ಜ್ಯೂರಿಕ್‌ನಲ್ಲಿ ಕೆಲಸದಲ್ಲಿದ್ದಾಳೆ. 2024ರ ದಸರಾ ರಜೆಗೆ ನಮ್ಮಿಬ್ಬರನ್ನೂ ಕರೆಸಿಕೊಂಡಿದ್ದಳು. "ಅಪ್ಪ, ನಾಲ್ಕೈದು ಊರು ಸುತ್ತಿಸಲಾ, ಒಂದೇ ಕಡೆ ಇರ್ತೀರಾ?" ಎಂದಾಗ ಒಂದೇ ಕಡೆ ಎಂದೆ. ಅದಕ್ಕೊಂದು ಹಳೆಯ ಕಾರಣವಿತ್ತು.

ನಮ್ಮ ಹಳ್ಳಿ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟರ ಹುದ್ದೆ ವರ್ಷಗಟ್ಟಲೆ ಖಾಲಿ ಇದ್ದಾಗ ಭೂಗೋಳದ ಪಾಠಗಳೂ ನನ್ನ ತಲೆಗೇ ಬರುತ್ತಿದ್ದವು. ನದಿ ಕೊರೆದ ಕಣಿವೆ 'ವಿ' ಆಕಾರ, ಹಿಮನದಿ ಕೊರೆದದ್ದು 'ಯು' ಆಕಾರ ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಗೀಚಿದ್ದೇನೋ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಐಸ್‌ಕ್ಯಾಂಡಿ ಬಾಯಲ್ಲಿಟ್ಟರೆ ಕರಗುತ್ತೆ. ಐಸು ಬಂಡೇನ ಹೆಂಗೆ ಕೊರೆಯುತ್ತೆ?" ತರಗತಿ ಗೊಳ್ಳೆಂದಿತು. ನಾನು, "ಪರೀಕ್ಷೆಗೆ ಇಷ್ಟು ಸಾಕು, ಕೂತ್ಕೊ" ಎಂದೆ. ನಿಜ ಹೇಳಬೇಕೆಂದರೆ ನನಗೂ ಅದು ಕಣ್ಣಿಗೆ ಕಟ್ಟಿರಲಿಲ್ಲ. ಹಿಮನದಿ ಹೋಗಲಿ, ಆಲಿಕಲ್ಲಿಗಿಂತ ದೊಡ್ಡ ಮಂಜುಗಡ್ಡೆಯನ್ನು ನಾನು ನೋಡಿದ್ದು ಶಿವಮೊಗ್ಗದ ಮೀನು ಮಾರುಕಟ್ಟೆಯಲ್ಲಿ.

ಲೌಟರ್‌ಬ್ರುನ್ನೆನ್ ಎಂದರೆ ಆ ಕಪ್ಪು ಹಲಗೆಯ ಚಿತ್ರವೇ ಎದ್ದು ಬಂದಂತೆ. ಇಂಟರ್‌ಲಾಕೆನ್‌ನಿಂದ ಇಪ್ಪತ್ತು ನಿಮಿಷದ ರೈಲು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿ ಚಪ್ಪಟೆ ನೆಲ, ಹಸಿರು ಹುಲ್ಲುಗಾವಲು, ಮರದ ಮನೆಗಳು, ಒಂದು ಚರ್ಚು. ಎರಡೂ ಪಕ್ಕದಲ್ಲಿ ಗೋಡೆ ಕಟ್ಟಿದಂತೆ ನೆಟ್ಟಗೆ ನಿಂತ ಸುಣ್ಣಕಲ್ಲಿನ ಬಂಡೆ. ಹಿಮಯುಗದಲ್ಲಿ ಈ ಕಣಿವೆಯ ತುಂಬ ಮಂಜುಗಡ್ಡೆ ಹರಿಯುತ್ತಿತ್ತು. ದೊಡ್ಡ ಹಿಮನದಿ ಆಳವಾಗಿ ಕೊರೆಯಿತು, ಪಕ್ಕದ ಚಿಕ್ಕವಕ್ಕೆ ಅಷ್ಟು ಶಕ್ತಿಯಿರಲಿಲ್ಲ. ಮಂಜು ಕರಗಿ ಹೋದ ಮೇಲೆ ಚಿಕ್ಕ ಕಣಿವೆಗಳು ಮೇಲೆಯೇ ತೂಗಿಕೊಂಡು ಉಳಿದವು. ಅವುಗಳ ಹಳ್ಳಗಳಿಗೆ ಈಗ ಧುಮುಕದೆ ಬೇರೆ ದಾರಿಯಿಲ್ಲ. ಕಣಿವೆಯಲ್ಲಿ 72 ಜಲಪಾತಗಳಿವೆ ಎಂಬುದು ಊರವರ ಲೆಕ್ಕ. ನಾನು ಹದಿನಾಲ್ಕಕ್ಕೆ ಎಣಿಕೆ ಬಿಟ್ಟೆ.

ಹಳ್ಳಿಯಿಂದ ಸುಮಾರು ಮುಕ್ಕಾಲು ಗಂಟೆ ನಡೆದರೆ ಟ್ರುಮ್ಮೆಲ್‌ಬಾಖ್. ಇದು ಹೊರಗೆ ಕಾಣುವ ಜಲಪಾತವಲ್ಲ, ಬೆಟ್ಟದ ಹೊಟ್ಟೆಯೊಳಗೆ ಹತ್ತು ಹಂತಗಳಲ್ಲಿ ಬೀಳುತ್ತದೆ. ಲಿಫ್ಟಿನಲ್ಲಿ ಬಂಡೆಯೊಳಕ್ಕೆ ಹೋಗಿ, ಒದ್ದೆ ಮೆಟ್ಟಿಲು ಹತ್ತಿ ಇಳಿಯಬೇಕು. ಐಗರ್, ಮೋಂಖ್, ಯುಂಗ್‌ಫ್ರಾವ್ ಎಂಬ ಮೂರು ಶಿಖರಗಳ ಹಿಮ ಕರಗಿದ ನೀರೆಲ್ಲ ಈ ಒಂದೇ ಸಂದಿಯಲ್ಲಿ ನುಗ್ಗಬೇಕು. ಬೇಸಿಗೆಯ ಭರದಲ್ಲಿ ಸೆಕೆಂಡಿಗೆ 20,000 ಲೀಟರ್‌ವರೆಗೂ ಹರಿಯುತ್ತದಂತೆ. ನಾವು ಹೋದಾಗ ಅಷ್ಟಿರಲಿಲ್ಲ. ಆದರೂ ಪಕ್ಕದಲ್ಲಿದ್ದವಳ ಮಾತು ಕೇಳದಷ್ಟು ಮೊರೆತ, ಕೈಯಿಟ್ಟರೆ ಕಂಬಿಯೂ ಅದುರುತ್ತಿತ್ತು. ಬಂಡೆಯನ್ನು ಬಾಣಲೆಯಂತೆ, ಒರಳಿನಂತೆ ಕಡೆದಿಟ್ಟಿದೆ. ಇದೇ ನೀರು ವರ್ಷಕ್ಕೆ 20,000 ಟನ್ನಿಗೂ ಹೆಚ್ಚು ಕಲ್ಲು, ಮಣ್ಣು, ಪುಡಿ ಸಾಗಿಸುತ್ತದೆ ಎಂಬ ವಿವರ ಓದಿದಾಗ ಹಿಂದಿನ ಬೆಂಚಿನ ಹುಡುಗ ನೆನಪಾದ. ಮಂಜು ಒಂದೇ ಕೊರೆಯುವುದಿಲ್ಲ. ತನ್ನ ತಳದಲ್ಲಿ ಕಲ್ಲುಗಳನ್ನು ಕಚ್ಚಿ ಹಿಡಿದು, ಮೇಲಿನ ನೂರಾರು ಮೀಟರ್ ದಪ್ಪದ ಭಾರದಿಂದ ಒತ್ತಿ ಉಜ್ಜುತ್ತದೆ. ಬಡಗಿಯ ಉಪ್ಪುಕಾಗದದ ಕೆಲಸ. ಕಾಗದ ಮೆತ್ತಗಿದ್ದರೇನು, ಮರಳು ಗಟ್ಟಿಯಲ್ಲವೇ? ಇಷ್ಟು ಸರಳ ಮಾತು ಅಂದು ನನ್ನ ಬಾಯಿಗೆ ಬರಲಿಲ್ಲವಲ್ಲ!

ಮೂರನೇ ದಿನ ಯುಂಗ್‌ಫ್ರಾವ್‌ಯೋಖ್. ಎಲ್ಲರೂ ಹೋಗುತ್ತಾರೆ, ನಾವೂ ಹೋದೆವು. 1896ರಲ್ಲಿ ಶುರುಮಾಡಿ 1912ರಲ್ಲಿ ಮುಗಿಸಿದ ಹಲ್ಲುಕಂಬಿಯ ರೈಲು ಐಗರ್ ಮತ್ತು ಮೋಂಖ್ ಶಿಖರಗಳ ಒಳಗೇ ಸುರಂಗದಲ್ಲಿ ಹತ್ತಿ 3,454 ಮೀಟರಿಗೆ ತಂದು ಬಿಡುತ್ತದೆ. ನಾವು ಹೋದಾಗ ರಿಯಾಯಿತಿ ಇಲ್ಲದಿದ್ದರೆ ಟಿಕೆಟ್ಟು ಇನ್ನೂರು ಫ್ರಾಂಕಿನ ಆಸುಪಾಸು ಇತ್ತು. ಆಗಿನ ನಮ್ಮ ಲೆಕ್ಕದಲ್ಲಿ ಇಪ್ಪತ್ತು ಸಾವಿರ ರೂಪಾಯಿ ಹತ್ತಿರ. ಮೇಲೆ ನಮ್ಮ ದೇಶದವರದೇ ಜಾತ್ರೆ. ಬಸ್ಸಿನ ತಂಡದವರು ಎರಡು ಗಂಟೆಯಲ್ಲಿ ಹಿಮ ಎರಚಿ, ಫೋಟೋ ಹೊಡೆದು, ಚಾಕೊಲೇಟ್ ಕೊಂಡು ಇಳಿದುಬಿಡುತ್ತಾರೆ. ತಪ್ಪೆನ್ನಲಾರೆ, ಅವರ ಬಸ್ಸು ಕಾಯುತ್ತಿರುತ್ತದೆ. ಆದರೆ ಆಲ್ಪ್ಸ್‌ನ ಅತಿ ಉದ್ದದ ಹಿಮನದಿಯಾದ ಅಲೆಟ್ಶ್, ಸುಮಾರು 20 ಕಿ.ಮೀ. ಉದ್ದಕ್ಕೆ ಕಾಲ ಬುಡದಲ್ಲೇ ಬಿದ್ದುಕೊಂಡಿರುತ್ತದೆ. ಅದರತ್ತ ಬೆನ್ನು ಹಾಕಿ ಸೆಲ್ಫಿ ತೆಗೆದುಕೊಳ್ಳುವವರೇ ಹೆಚ್ಚು.

ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಮೂರನೇ ಎರಡು ಭಾಗದಷ್ಟು ಮಾತ್ರ. ನೀರು ಸುಮಾರು 88 ಡಿಗ್ರಿಗೇ ಕುದಿಯುತ್ತದೆ. ಇದನ್ನೆಲ್ಲ ಪಾಠ ಮಾಡಿದ ನಾನೇ ಉತ್ಸಾಹದಲ್ಲಿ ಮೆಟ್ಟಿಲುಗಳನ್ನು ಬಿರಬಿರನೆ ಹತ್ತಿ, ತಲೆ ಸುತ್ತಿ ಗೋಡೆಗೆ ಒರಗಿದೆ. "ಮಕ್ಕಳಿಗೆ ಹೇಳೋದು ಒಂದು, ಮಾಡೋದು ಇನ್ನೊಂದು" ಎಂದು ಬೈಸಿಕೊಂಡೆ. ಕುಡಿದು ಮುಗಿಸಿದ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ತಿರುಗಿಸಿ ಚೀಲಕ್ಕೆ ಹಾಕಿದ್ದೆ. ಕೆಳಗೆ ಬಂದು ನೋಡಿದರೆ ಯಾರೋ ಹಿಂಡಿದಂತೆ ಮುದುಡಿ ಹೋಗಿತ್ತು.

ಇಳಿಯುವಾಗ ಐಗರ್‌ಗ್ಲೆಚರ್ ಎಂಬ ನಿಲ್ದಾಣ ಸಿಗುತ್ತದೆ. ಹೆಸರೇನೋ ಹಿಮನದಿಯದು. ಹಿಮನದಿ ಮಾತ್ರ ತಾನು ತಂದು ಸುರಿದ ಕಲ್ಲುಮಣ್ಣಿನ ದಿಬ್ಬಗಳನ್ನು ಬಿಟ್ಟು ಬೆಟ್ಟದ ಮೇಲಕ್ಕೆ ಸರಿದಿದೆ. 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳು ತಮ್ಮ ಮಂಜಿನ ಹತ್ತನೇ ಒಂದು ಭಾಗ ಕಳೆದುಕೊಂಡವು.

ನನ್ನನ್ನು ಕೇಳಿದರೆ, ಇಲ್ಲಿ ದುಡ್ಡು ಉಳಿಸಬೇಕೆಂದಿದ್ದರೆ ಆ ರೈಲನ್ನು ಬಿಟ್ಟು ನಡೆಯಿರಿ. ಕೊನೆಯ ದಿನ ನಾವು ಮಾಡಿದ್ದು ಅದನ್ನೇ. ಕಾರುಗಳೇ ಇಲ್ಲದ ವೆಂಗೆನ್ ಹಳ್ಳಿಗೆ ರೈಲಿನಲ್ಲಿ ಹೋಗಿ, ತೂಗುತೊಟ್ಟಿಲಲ್ಲಿ ಮೆನ್ಲಿಖೆನ್ ಎಂಬ ದಿಣ್ಣೆಗೆ ಏರಿ, ಅಲ್ಲಿಂದ ಕ್ಲೈನೆ ಶೈಡೆಗ್‌ವರೆಗೆ ನಾಲ್ಕೂವರೆ ಕಿ.ಮೀ. ಇಳಿಜಾರಿನ ದಾರಿ. ದಾರಿಬದಿಯ ಹಳದಿ ಹಲಗೆಗಳು ದೂರ ಹೇಳುವುದಿಲ್ಲ, ಹೊತ್ತು ಹೇಳುತ್ತವೆ. ನಮ್ಮೂರಿನಲ್ಲಿ "ಎರಡು ಬೀಡಿ ಸೇದುವಷ್ಟು ದೂರ" ಎನ್ನುತ್ತಿದ್ದರಲ್ಲ, ಆ ಬಗೆ. ಹಲಗೆ ಒಂದೂವರೆ ಗಂಟೆ ಎಂದಿತು, ನಮಗೆ ಎರಡೂಮುಕ್ಕಾಲು ಹಿಡಿಯಿತು. ಸೀರೆಯ ಮೇಲೆ ಸ್ವೆಟರು, ಕಾಲಿಗೆ ಮಗಳ ಶೂ ಹಾಕಿದ್ದ ನನ್ನಾಕೆಯೇ ಮುಂದೆ, ನಾನು ಹಿಂದೆ. ಎದುರಿಗೆ ದಾರಿಯುದ್ದಕ್ಕೂ ಆ ಮೂರು ಶಿಖರಗಳು. ಐಗರ್‌ನ ಉತ್ತರದ ಗೋಡೆಯನ್ನು 1938ರಲ್ಲಿ ಮೊದಲು ಹತ್ತಿದ ನಾಲ್ವರಲ್ಲಿ ಒಬ್ಬ ಹೈನ್‌ರಿಖ್ ಹಾರರ್. ಮುಂದೆ ಮಹಾಯುದ್ಧದ ಕಾಲದಲ್ಲಿ ಡೆಹರಾಡೂನಿನ ಸೆರೆಶಿಬಿರದಿಂದ ತಪ್ಪಿಸಿಕೊಂಡು ಟಿಬೆಟ್ಟಿಗೆ ನಡೆದುಹೋದ ಭೂಪನೂ ಅವನೇ. ಒಂದು ಬಂಡೆಯ ಮೇಲೆ ಕೂತು ಅವಲಕ್ಕಿ ಗಂಟು ಬಿಚ್ಚಿದೆವು. ಕೆಳಗಿನ ಕಣಿವೆಯ ಮೇಲೆ ಬಣ್ಣದ ಪ್ಯಾರಾಗ್ಲೈಡರುಗಳು ಹದ್ದಿನಂತೆ ಸುತ್ತುತ್ತಿದ್ದವು. ಬಂಡೆಯಂಚಿನಿಂದಲೇ ಧುಮುಕಿ ಕೊಡೆ ಬಿಚ್ಚುವ ಹುಚ್ಚರೂ ಇಲ್ಲಿಗೆ ಬರುತ್ತಾರೆ, ಪ್ರಾಣ ಕಳೆದುಕೊಂಡವರೂ ಇದ್ದಾರೆ. ನಮಗೆ ಅವಲಕ್ಕಿಯೇ ಸಾಕೆನಿಸಿತು.

ಹೋಗುವವರಿಗೆ ಎರಡು ಮಾತು. ಜಲಪಾತ ತುಂಬಿ ಹರಿಯುವುದನ್ನು ನೋಡಬೇಕಾದರೆ ಜೂನ್, ಜುಲೈ. ಟ್ರುಮ್ಮೆಲ್‌ಬಾಖ್ ಚಳಿಗಾಲದಲ್ಲಿ ಮುಚ್ಚಿರುತ್ತದೆ. ಬೀದಿಯ ಮರದ ತೊಟ್ಟಿಗಳಿಗೆ ಬೀಳುವ ನೀರು ಕುಡಿಯಲು ಯೋಗ್ಯ, ಬಾಟಲಿ ಕೊಳ್ಳಬೇಡಿ.

ನಾವು ಊರಿಗೆ ಮರಳಿದ ಮರುವರ್ಷ, 2025ರ ಮೇ 28ರಂದು, ಇದೇ ಪರ್ವತಸಾಲಿನ ದಕ್ಷಿಣದ ಮಗ್ಗುಲಲ್ಲಿ ಬ್ಲಾಟೆನ್ ಎಂಬ ಹಳ್ಳಿ ಮಣ್ಣಾಯಿತು. ಮೇಲಿನಿಂದ ಕುಸಿದ ಬಂಡೆಗಳ ಭಾರಕ್ಕೆ ಬಿರ್ಚ್ ಹಿಮನದಿ ಕಳಚಿ ಬಿದ್ದು ಊರನ್ನು ಹೂತುಹಾಕಿತು. ಒಂಬತ್ತು ದಿನ ಮೊದಲೇ ಸುಮಾರು 300 ಜನರನ್ನು ಸ್ಥಳಾಂತರಿಸಿದ್ದರಿಂದ ಬಹುತೇಕ ಎಲ್ಲರೂ ಉಳಿದರು, ಒಬ್ಬರು ಸತ್ತರು. ಮಗಳು ಫೋನು ಮಾಡಿ ಹೇಳಿದ ಸಂಜೆ ನನ್ನಾಕೆ, ನಾವು ನಾಲ್ಕು ದಿನ ತಂಗಿದ್ದ ಮನೆಯ ಅಜ್ಜಿ ಹೇಗಿದ್ದಾರೋ ಎಂದು ಬಹಳ ಹೊತ್ತು ಕೇಳುತ್ತಲೇ ಇದ್ದಳು.

ಹೊರಡುವ ಮುನ್ನ ಹಳ್ಳಿಯ ಹೊಳೆಯಿಂದ ಒಂದು ಬಾಟಲಿ ನೀರು ತುಂಬಿಸಿ ತಂದಿದ್ದೆ. ಬಿಳಿ ಲುಟ್ಶಿನೆ ಎಂದು ಆ ಹೊಳೆಯ ಹೆಸರು. ತಂದ ನೀರೇನೋ ತಿಳಿಯಾಯಿತು, ತಳದಲ್ಲಿ ಗೋಪಿಚಂದನದಂಥ ನಯವಾದ ಬೂದು ಪುಡಿ ನಿಂತಿತು. ಹಿಮನದಿ ಅರೆದ ಬಂಡೆಯ ಹಿಟ್ಟು. ಆ ಹಿಂದಿನ ಬೆಂಚಿನ ಹುಡುಗ ಈಗ ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಬಾಟಲಿ ಅವನ ಮುಂದಿಟ್ಟು ಉತ್ತರ ಹೇಳಿದೆ. ಪ್ರಶ್ನೆ ಕೇಳಿದ್ದೇ ಅವನಿಗೆ ನೆನಪಿರಲಿಲ್ಲ! ಅಲುಗಾಡಿಸಿದ, ಬೆಳಕಿಗೆ ಹಿಡಿದ, ಪುಡಿ ಮತ್ತೆ ಕೂರುವುದನ್ನು ನೋಡುತ್ತ ನಿಂತ.

"ಸಾರ್, ಅಲ್ಲಿ ಮಂಜೆಲ್ಲ ಕರಗಿಹೋದ ಮೇಲೆ ಈ ಹೊಳೆ ಬೇಸಿಗೇಲಿ ಹರಿಯುತ್ತಾ?"

ಸ್ಟೂಲು ಎಳೆದುಕೊಂಡು ಕೂತೆ.