ಉಪ್ಪಿಗೂ ಒಂದು ಹದ

ಮಾನ್ವಿ ಕಡೆಯ ಹಳ್ಳಿಗಳಲ್ಲಿ ಬೋರ್‌ವೆಲ್ ನೀರಿಗೆ ಸಾಬೂನು ಉಜ್ಜಿದವರಿಗೆ ಗೊತ್ತು, ನೊರೆಗಿಂತ ಮೊದಲು ಬಕೆಟ್ಟಿನ ಅಂಚಿಗೆ ಬಿಳಿ ಮಡ್ಡಿ ಕಟ್ಟುತ್ತದೆ. ಗಡಸು ನೀರಿನ ಸುಣ್ಣದಂಶ ಸಾಬೂನಿನೊಡನೆ ಕೂಡಿ ಆಗುವ ಮಡ್ಡಿ ಅದು. ನೊರೆ ಬರಲಿಲ್ಲವೆಂದು ಇನ್ನಷ್ಟು ಉಜ್ಜುವುದು, ಉಜ್ಜಿದಷ್ಟೂ ಕೈ ಒಣಗುವುದು.

ಅಂಥ ಒಂದು ಮನೆಯ ತಾಯಿಗೆ ಹತ್ತಿ ಬಿಡಿಸುವ ಕಾಲ ಬಂತೆಂದರೆ ಬೆರಳ ಸಂದಿಯೆಲ್ಲ ಸೀಳು. ಮದುವೆ ಮನೆಯಲ್ಲಿ ಅರಿಷಿಣ ಹಚ್ಚಲು ಕರೆದರೆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ರಾಯಚೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗಳು ಇದನ್ನು ನೋಡಿಯೇ, ರಜೆಗೆ ಬರುವಾಗ ಸೋಡಿಯಂ ಲಾರೆತ್ ಸಲ್ಫೇಟಿನ ಡಬ್ಬಿಯನ್ನೂ ಕೊಬ್ಬರಿ ಎಣ್ಣೆಯಿಂದ ತಯಾರಾಗುವ ಬೀಟೇನಿನ ಬಾಟಲಿಯನ್ನೂ ಹಿಡಿದು ಬಂದಳು. ಸಾಬೂನಿನ ಪಿಎಚ್ 9ರಿಂದ 10, ಚರ್ಮದ್ದು 5ರ ಆಸುಪಾಸು. ಎರಡಕ್ಕೂ ಹೊಂದಾಣಿಕೆ ಹೇಗಾದೀತು ಎಂಬುದು ಅವಳ ವಾದ.

ಸುದ್ದಿ ಕೇಳಿ ದೇವದುರ್ಗದ ಅಜ್ಜಿ ನಕ್ಕುಬಿಟ್ಟಳು. ಕಡ್ಲಿಹಿಟ್ಟು, ಅಂಟವಾಳಕಾಯಿ ಇದ್ದರೆ ಆಕೆಗೆ ಸಾಕು. ನಗು ತಪ್ಪೇನಲ್ಲ ಎನ್ನಿ. ಅಂಟವಾಳದ ಸಪೋನಿನ್ ಕೂಡ ಒಂದು ತುದಿಯಿಂದ ಜಿಡ್ಡನ್ನು, ಇನ್ನೊಂದು ತುದಿಯಿಂದ ನೀರನ್ನು ಹಿಡಿಯುವಂಥದೇ. ಆದರೆ ಕಣ್ಣಿಗೆ ಬಿದ್ದರೆ ಉರಿ. ಬೇಸಿಗೆಯಲ್ಲಿ ರಸ ಬೇಗ ಕೆಡುತ್ತದೆ.

ಮಗಳು 1 ಕಿಲೋಗೆ ಲೆಕ್ಕ ಹಾಕಿದಳು. ಶೇಕಡಾ 70ರ ಲಾರೆತ್ ಪೇಸ್ಟು 100 ಗ್ರಾಂ, ಬೀಟೇನ್ 100 ಗ್ರಾಂ, ಗ್ಲಿಸರಿನ್ 20 ಗ್ರಾಂ, ಉಳಿದದ್ದು ಕುದಿಸಿ ಆರಿಸಿದ ನೀರು. ಪೇಸ್ಟು ಒಂದೇ ಇದ್ದರೆ ಚರ್ಮ ಬಿಗಿಯುತ್ತದೆ, ಬೀಟೇನ್ ಜೊತೆಗೂಡಿದರೆ ಸೌಮ್ಯ. ಪೇಸ್ಟು ಜೋಳದ ಅಂಬಲಿಗಿಂತ ಹಟಮಾರಿ, ಗಂಟು ಕರಗಲು ರಾತ್ರಿಯೆಲ್ಲ ಬೇಕಾಯಿತು. ಬೆಳಿಗ್ಗೆ ನೋಡಿದರೆ ನೀರಿನಂತೆ ತೆಳ್ಳಗಿತ್ತು. ಅದನ್ನು ಎರಡು ಪಾಲು ಮಾಡಿದಳು. ಒಂದಕ್ಕೆ ಚಿಟಿಕೆ ಚಿಟಿಕೆಯಾಗಿ ಅಡುಗೆ ಉಪ್ಪಿನ ನೀರು ಬಿಟ್ಟಾಗ ಜೇನಿನಂತೆ ದಪ್ಪಗಾಯಿತು.

ತಾಯಿಗೆ ಹುರುಪು ಬಂತು. ಇಷ್ಟಕ್ಕೇ ಇಷ್ಟು ದಪ್ಪಾದರೆ ಇನ್ನಷ್ಟು ಹಾಕೋಣವೆಂದು, ಸಾರಿಗೆ ಹಾಕುವ ಅಂದಾಜಿನಲ್ಲಿ ಒಂದು ಹಿಡಿ ಸುರಿದಳು.

"ಯವ್ವಾ, ಮಜ್ಜಿಗಿ ಆತಲ್ಲ!"

ಉಪ್ಪಿನ ಕೆಲಸವೇ ಹೀಗೆ. ಮಾರ್ಜಕದ ಅಣುಗಳು ನೀರಿನಲ್ಲಿ ಸಣ್ಣ ಉಂಡೆ ಕಟ್ಟಿಕೊಂಡು ತೇಲುತ್ತಿರುತ್ತವೆ. ಉಪ್ಪು ಬಿದ್ದರೆ ಉಂಡೆಗಳು ಶಾವಿಗೆಯಂತೆ ಉದ್ದವಾಗಿ ತೊಡರಿಕೊಳ್ಳುತ್ತವೆ. ಹದ ಮೀರಿತೋ, ತೊಡಕು ಸಡಿಲಾಗಿ ಮತ್ತೆ ನೀರು. ಕೊಳೆ ತೆಗೆಯುವ ಶಕ್ತಿಗೂ ಈ ದಪ್ಪಕ್ಕೂ ಸಂಬಂಧವಿಲ್ಲ. ಅಂಗಡಿಯಲ್ಲಿ ಬಾಟಲಿ ಓರೆ ಮಾಡಿ ನೋಡುವವರಿಗೆ ಯಾರು ಹೇಳಬೇಕು! ಉಪ್ಪು ಬೀಳದ ಇನ್ನೊಂದು ಪಾಲನ್ನು ಬೆರೆಸಿದಾಗ ಹದ ತಿರುಗಿ ಬಂತು.

ಕೊನೆಗೆ 5 ಗ್ರಾಂ ಸೋಡಿಯಂ ಬೆಂಜೋಯೇಟ್. ಅದು ಹುಳಿಯಲ್ಲಿ ಮಾತ್ರ ಕೆಲಸ ಮಾಡುವುದರಿಂದ ಸಿಟ್ರಿಕ್ ಆಮ್ಲ ಹಾಕಿ, ಪಿಎಚ್ ಕಾಗದದಲ್ಲಿ 5ಕ್ಕೆ ಇಳಿಸಿದಳು. ಪಕ್ಕದ ಮನೆಯಾಕೆ, "ನಮಗ ಔಷಧಿ ಹಾಕಲಾರದ್ದು ಕೊಡವ್ವ" ಎಂದಳು. ಮಗಳು ಒಪ್ಪಲಿಲ್ಲ. ನೀರಿರುವ ಪದಾರ್ಥದಲ್ಲಿ ಕಣ್ಣಿಗೆ ಕಾಣದ ಜೀವಿಗಳು ಬೆಳೆಯುತ್ತವೆ, ಸೀಳಿದ ಕೈಗೆ ಅದನ್ನು ಹಚ್ಚುವುದೆಂದರೆ ಕೇಡು ಕರೆದಂತೆ. ಬಾಟಲಿಯ ಮೇಲೆ ತಾರೀಖು ಬರೆದಳು. ತಾಯಿಯ ಮೊಣಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ತೊಳೆದು, ಒಂದು ದಿನ ಕಾದಳು.

ಹದಿನೈದು ದಿನಕ್ಕೆ ಸೀಳು ಪೂರ್ತಿ ಮಾಯಲಿಲ್ಲ, ಉರಿ ಮಾತ್ರ ತಗ್ಗಿತ್ತು. ಸಂತೆಯಲ್ಲಿ ಮಾರಿದರೆ ಹೇಗೆ ಎಂದು ಅಪ್ಪ ಕೇಳಿದ. ಮಾರಲು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆ ಪ್ರಕಾರ ತಯಾರಿಕೆಗೆ ಲೈಸೆನ್ಸ್ ಬೇಕೆಂದು ಮಗಳು ಹೇಳಿದಳು.

"ಲೈಸೆನ್ಸ್ ಆಮ್ಯಾಲ," ಎಂದಳು ತಾಯಿ, "ಮದ್ಲ ಪರೀಕ್ಷಿ ಮುಗಸು."