ಬೈಲಿನ ಆಟಕ್ಕೆ ಎಷ್ಟು ಸದ್ದು ಬೇಕು?

ಹೊಸನಗರದಿಂದ ಪಶ್ಚಿಮಕ್ಕೆ ಹೊರಟ ಬಸ್ಸು ಹುಲಿಕಲ್ ಘಾಟಿಯ ತಿರುವುಗಳನ್ನು ಒಂದೊಂದಾಗಿ ಇಳಿದು ಹೊಸಂಗಡಿಯನ್ನು ಮುಟ್ಟುವಷ್ಟರಲ್ಲಿ ಮಲೆನಾಡಿನ ಚಳಿ ಮೈಬಿಟ್ಟು, ಕರಾವಳಿಯ ಬೆವರು ಅದರ ಜಾಗಕ್ಕೆ ಬಂದಿರುತ್ತದೆ. ಅಲ್ಲಿಂದ ಸಿದ್ದಾಪುರವನ್ನು ಹಾದು ಹಾಲಾಡಿಯ ದಾರಿ ಹಿಡಿದರೆ ಅಡಿಕೆ ತೋಟಗಳು ಸರಿದು ಗದ್ದೆಯ ಬೈಲುಗಳು ತೆರೆದುಕೊಳ್ಳುತ್ತವೆ. ನಮ್ಮ ದೊಡ್ಡಮ್ಮನ ಮನೆ ವಾರಾಹಿ ನದಿಯಿಂದ ಒಂದು ಕೂಗಳತೆಯ ದೂರದಲ್ಲಿದೆ. ದೂರವನ್ನು ಮನುಷ್ಯನ ಕಂಠದಿಂದ ಅಳೆಯುವ ಈ ಮಾತು ಅಲ್ಲಿ ಇನ್ನೂ ಬಳಕೆಯಲ್ಲಿದೆ. ನಾನು ಹೋದ ಕೆಲಸಕ್ಕೂ ಆ ಮಾತಿಗೂ ಇಷ್ಟು ಸಮೀಪದ ಸಂಬಂಧವಿದೆಯೆಂದು ಬಸ್ಸು ಹತ್ತುವಾಗ ನನಗೆ ಹೊಳೆದಿರಲಿಲ್ಲ.

ದೊಡ್ಡಮ್ಮ ಬಹಳ ವರ್ಷಗಳ ಹಿಂದೆ ಹೊತ್ತ ಹರಕೆಯೊಂದು ಬಾಕಿಯಿತ್ತು. ಕುಂದಾಪುರದ ಸೀಮೆಯಲ್ಲಿ ಹರಕೆಯೆಂದರೆ ಅನೇಕ ವೇಳೆ ಯಕ್ಷಗಾನದ ಆಟವೇ. ಮಂದಾರ್ತಿ, ಮಾರಣಕಟ್ಟೆಯಂತಹ ದೇವಸ್ಥಾನಗಳ ಮೇಳಗಳು ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಟು, ಹರಕೆ ಹೊತ್ತವರ ಬೈಲಿನಲ್ಲಿ ರಂಗಸ್ಥಳ ಕಟ್ಟಿ ಆಡುತ್ತವೆ. ನಮ್ಮ ಮನೆಗೂ ಅಂತಹ ಒಂದು ಮೇಳ ಬರುವುದೆಂದು ನಿಶ್ಚಯವಾಗಿತ್ತು. ಪ್ರಸಂಗ 'ಭೀಷ್ಮ ವಿಜಯ'. ಊಟದ ಏರ್ಪಾಡು ಅಣ್ಣಯ್ಯನದು, ಚಪ್ಪರ ನೆರೆಯವರದು. ಬೆಂಗಳೂರಿನಲ್ಲಿ ಇರುವವನಿಗೆ ಯಂತ್ರಗಳ ವಿಷಯ ಗೊತ್ತಿರಲೇಬೇಕೆಂಬ ನಂಬಿಕೆಯಿಂದ ಧ್ವನಿವರ್ಧಕದ ಹೊಣೆ ನನ್ನ ಕೊರಳಿಗೆ ಬಿತ್ತು.

ಹೋದ ಮರುದಿನವೇ ಇಬ್ಬರು ಬಂದರು. ಮೊದಲಿನವರು ಪೇಟೆಯ ಅಂಗಡಿಯವರು. ರಂಗಸ್ಥಳದ ಎರಡೂ ಬದಿಗೆ ಆಳೆತ್ತರದ ಪೆಟ್ಟಿಗೆಗಳ ಗೋಪುರ, ನೆಲ ನಡುಗಿಸುವ ಮತ್ತೆರಡು ಪೆಟ್ಟಿಗೆ, ಸಾವಿರಾರು ವಾಟ್‌ಗಳ ಶಕ್ತಿ. "ಮೂರು ಗ್ರಾಮಕ್ಕೆ ಕೇಳಬೇಕು ಸ್ವಾಮೀ, ನಿಮ್ಮ ಮನೆಯ ಮರ್ಯಾದೆಯ ಪ್ರಶ್ನೆ" ಎಂದರು. ಎರಡನೆಯವರು ಪಕ್ಕದ ಊರಿನ ಮೈಕಿನವರು, ಅರವತ್ತು ದಾಟಿದ ಮಿತಭಾಷಿ. ಅವರು ದರವನ್ನು ಹೇಳುವ ಮೊದಲು, "ಆಟ ಯಾರಿಗೆ ಕೇಳಬೇಕು?" ಎಂದು ಕೇಳಿದರು. ನನಗೆ ಆ ಪ್ರಶ್ನೆ ವಿಚಿತ್ರವೆನಿಸಿತು. ಆಟ ಎಲ್ಲರಿಗೂ ಕೇಳಬೇಕು, ಅದರಲ್ಲಿ ಕೇಳುವುದೇನಿದೆ?

ಬೈಲಾಟಕ್ಕೆ ತನ್ನದೇ ಆದ ಧ್ವನಿವರ್ಧಕ ಮೊದಲಿನಿಂದಲೂ ಇತ್ತೆನ್ನುವುದನ್ನು ನಾವು ಮರೆಯುತ್ತೇವೆ. ಆಟಕ್ಕೆ ಮುಂಚೆ 'ಕೇಳಿ' ಬಡಿಯುವ ಸಂಪ್ರದಾಯವೊಂದಿದೆ. ಆ ಚಂಡೆಯ ಪೆಟ್ಟು ಗುಡ್ಡ ದಾಟಿ ಹೋಗಿ, ಇಂದು ಇಂಥ ಕಡೆ ಆಟವಿದೆಯೆಂದು ಸುತ್ತಲಿನ ಊರುಗಳಿಗೆ ಸಾರುತ್ತಿತ್ತು. ಅನಂತರ ಹಾಡಬೇಕಾದ ಭಾಗವತರಿಗೆ ಯಂತ್ರದ ನೆರವಿರಲಿಲ್ಲ. ಆದ್ದರಿಂದ ಅವರು ಏರುಶ್ರುತಿಯಲ್ಲಿ ಹಾಡುತ್ತಿದ್ದರು. ವೇಷಧಾರಿಗಳು ಹೊಟ್ಟೆಯಿಂದ ಮಾತೆತ್ತುತ್ತಿದ್ದರು. ಪ್ರೇಕ್ಷಕರು ಚಾಪೆಯನ್ನು ಮುಂದಕ್ಕೆಳೆದುಕೊಂಡು ಕೂರುತ್ತಿದ್ದರು. 1915ರ ಡಿಸೆಂಬರ್ 24ರಂದು ಜೆನ್ಸನ್ ಮತ್ತು ಪ್ರಿಡ್‌ಹ್ಯಾಮ್ ಎಂಬಿಬ್ಬರು ಸಾನ್ ಫ್ರಾನ್ಸಿಸ್ಕೋ ನಗರಸಭಾ ಭವನದ ಮುಂದೆ ತಮ್ಮ ಧ್ವನಿವರ್ಧಕವನ್ನು ಭಾರಿ ಜನಸ್ತೋಮಕ್ಕೆ ಕೇಳಿಸಿದರು. ತಮ್ಮ ಯಂತ್ರಕ್ಕೆ ಅವರಿಟ್ಟ ಮ್ಯಾಗ್ನಾವಾಕ್ಸ್ ಎಂಬ ಲ್ಯಾಟಿನ್ ಹೆಸರಿಗೆ 'ಮಹಾಧ್ವನಿ' ಎಂದರ್ಥ. ಆ ಮಹಾಧ್ವನಿ ನಮ್ಮ ಬೈಲುಗಳಿಗೂ ಬಂತು, ಭಾಗವತರ ಕಂಠಕ್ಕೆ ಬಿಡುವು ಕೊಟ್ಟಿತು. 1990ರಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಕಂಠದ ಮಾಧುರ್ಯ ಮನೆಮನೆಯ ಕ್ಯಾಸೆಟ್ಟಿಗೆ ಇಳಿದದ್ದೂ ಮೈಕಿನ ಕೃಪೆಯಿಂದಲೇ. ಆದ್ದರಿಂದ ಎಲ್ಲವನ್ನೂ 'ಮೈಕಾಸುರ'ನೆಂದು ತೆಗಳುವವರ ಪಂಗಡಕ್ಕೆ ನಾನು ಸೇರಿದವನಲ್ಲ.

ಮೈಕಿನವರು ಸಂಜೆ ನನ್ನನ್ನೂ ದೊಡ್ಡಮ್ಮನನ್ನೂ ಬೈಲಿಗೆ ಕರೆದೊಯ್ದರು. ಕೊಯ್ಲು ಮುಗಿದ ಗದ್ದೆ. ಕೂಳೆಯ ಮೇಲೆ ಕಾಲಿಟ್ಟರೆ ಚರಚರ ಸದ್ದು. ರಂಗಸ್ಥಳ ಬರಬೇಕಾದ ಜಾಗದಲ್ಲಿ ಅವರು ಒಂದು ಮೈಕು ನಿಲ್ಲಿಸಿ, ಮಾವಿನ ಮರಕ್ಕೆ ತಗಡಿನ ಹಳೆಯ ಕಹಳೆಯೊಂದನ್ನು ಕಟ್ಟಿ, ವರ್ತಮಾನಪತ್ರಿಕೆಯೊಂದನ್ನು ಓದತೊಡಗಿದರು. ಸದ್ದು ನದಿಯಾಚೆಗೂ ಹೋಗಿರಬೇಕು. ದೊಡ್ಡಮ್ಮನಿಗೆ ಎಂಬತ್ತಮೂರು ವರ್ಷ, ಬಲಗಿವಿ ಮಂದ. ಅವಳು ನಲವತ್ತು ಹೆಜ್ಜೆ ದೂರದಲ್ಲಿ ಕುರ್ಚಿಯಲ್ಲಿ ಕುಳಿತು ಸ್ವಲ್ಪ ಹೊತ್ತು ಕೇಳಿ, "ಸದ್ದು ಕೇಳ್ತದೆ ಮಾಣಿ, ಮಾತು ಕೇಳುವುದಿಲ್ಲ" ಎಂದಳು. ಐವತ್ತು ದಾಟಿದ ನಾನು ಆಕೆಗೆ ಇನ್ನೂ ಮಾಣಿಯೇ.

ಅನಂತರ ಮೈಕಿನವರು ಕಂಬದಂತೆ ನೀಳವಾದ ಚಿಕ್ಕ ಪೆಟ್ಟಿಗೆಯೊಂದನ್ನು ಆಕೆಯಿಂದ ಹತ್ತು ಹೆಜ್ಜೆಯ ಅಂತರದಲ್ಲಿ ನಿಲ್ಲಿಸಿ, ಸದ್ದನ್ನು ಅರ್ಧಕ್ಕರ್ಧ ಇಳಿಸಿ, ಅದನ್ನೇ ಮತ್ತೆ ಓದಿದರು. ದೊಡ್ಡಮ್ಮ ಅಡಿಕೆಯ ಧಾರಣೆ ಎಷ್ಟೆಂಬುದನ್ನು ತಪ್ಪಿಲ್ಲದೆ ತಿರುಗಿ ಹೇಳಿದಳು. ಪೇಟೆಯವರ ಗೋಪುರದ ಆಲೋಚನೆ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಇದರ ಹಿಂದಿನ ತತ್ತ್ವವನ್ನು ಅವರು ಬೈಲಿನ ಅಂಚಿನಲ್ಲಿ ಕುಳಿತು ಎಲೆಯಡಿಕೆ ಹಾಕುತ್ತ ವಿವರಿಸಿದರು. ಬಯಲಿನಲ್ಲಿ ದೂರ ಎರಡರಷ್ಟಾದಂತೆಲ್ಲ ಸದ್ದು ಆರು ಡೆಸಿಬಲ್ ಕುಗ್ಗುತ್ತದೆ. ಎಲ್ಲ ಸದ್ದನ್ನೂ ಮುಂದೆಯೇ ಇಟ್ಟರೆ, ಹಿಂದಿನವರಿಗೆ ಕೇಳಿಸುವ ಹೊತ್ತಿಗೆ ಮುಂದೆ ಕುಳಿತ ಮಕ್ಕಳ ಕಿವಿ ಹರಿಯುತ್ತದೆ. ಎರಡು ಪೆಟ್ಟಿಗೆ ಮುಂದೆ, ಎರಡು ಬೈಲಿನ ನಡುವೆ ಇಟ್ಟರೆ ಯಾವುದನ್ನೂ ಕಿರುಚಿಸಬೇಕಾಗಿಲ್ಲ. ಆದರೆ ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಮಾತ್ರ ಹೋಗುತ್ತದೆ. ತಂತಿಯಲ್ಲಿ ಹೋಗುವ ಸದ್ದು ಕ್ಷಣಮಾತ್ರದಲ್ಲಿ ತಲುಪುತ್ತದೆ. ರಂಗಸ್ಥಳದಿಂದ 34 ಮೀಟರ್ ದೂರದ ಪೆಟ್ಟಿಗೆಯ ಸದ್ದನ್ನು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡೆದು ಬಿಡದಿದ್ದರೆ ಭಾಗವತರು ಒಂದು ಅಕ್ಷರವನ್ನು ಎರಡು ಸಲ ಹಾಡಿದಂತಾಗುತ್ತದೆ. ಈಗಿನ ಯಂತ್ರಗಳಲ್ಲಿ ಆ ತಡೆಗೊಂದು ಗುಂಡಿಯಿದೆ. ನೀಳ ಪೆಟ್ಟಿಗೆ ಸದ್ದನ್ನು ಆಕಾಶಕ್ಕೆ ಚೆಲ್ಲದೆ ಜನರ ತಲೆಯ ಮಟ್ಟದಲ್ಲೇ ಹರಡುತ್ತದೆ. ಮೈಕಿನ ಮುಂದೆ ಪೆಟ್ಟಿಗೆ ಇರಬೇಕೇ ಹೊರತು ಹಿಂದೆ ಇರಬಾರದು. ಇದ್ದರೆ ತನ್ನ ಸದ್ದನ್ನು ತಾನೇ ನುಂಗಿ ಕೂಗತೊಡಗುತ್ತದೆ. ಹಾಗಿದ್ದರೆ ಚಂಡೆಗೆ ಮೈಕು ಎಲ್ಲಿಡುವಿರಿ ಎಂದು ನಾನು ಕೇಳಿದೆ. ಅವರು ಎಲೆಯಡಿಕೆಯನ್ನು ಉಗುಳಿ ಬಂದು, "ಚಂಡೆಗೆ ಯಾಕೆ ಮೈಕು?" ಎಂದರು.

ಇನ್ನೊಂದು ಸಂಗತಿಯೂ ಇತ್ತು. ಬೈಲಿನ ಪಶ್ಚಿಮದ ಮನೆಯಲ್ಲಿ ಹಸಿ ಬಾಣಂತಿಯಿದ್ದಳು. ಕರಾವಳಿಯಲ್ಲಿ ರಾತ್ರಿಯ ಗಾಳಿ ನೆಲದಿಂದ ಕಡಲಿನತ್ತ, ಎಂದರೆ ಪಶ್ಚಿಮಕ್ಕೆ ಬೀಸುತ್ತದೆ. ಮೇಲಾಗಿ ನೆಲ ತಂಪಾಗಿ ಮೇಲಿನ ಗಾಳಿ ಬೆಚ್ಚಗಿರುವ ರಾತ್ರಿಗಳಲ್ಲಿ ಮೇಲಕ್ಕೇರಬೇಕಾದ ಸದ್ದು ಬಾಗಿ ನೆಲಕ್ಕೇ ಇಳಿದು ಬಹುದೂರ ಸಾಗುತ್ತದೆ. ರಂಗಸ್ಥಳವನ್ನು ಪೂರ್ವಕ್ಕೆ ಮುಖಮಾಡಿಸಿ, ಪೆಟ್ಟಿಗೆಗಳ ಬೆನ್ನು ಆ ಮನೆಗೆ ಬರುವಂತೆ ಮಾಡಿದೆವು. ಕಾನೂನಿನ ಮಾತೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬಲ್ಲಿನ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಉಳಿದ ಹೊತ್ತಿಗೂ ಲಿಖಿತ ಅನುಮತಿ ಬೇಕು. ಬೆಳಗಿನವರೆಗೆ ನಡೆಯುತ್ತಿದ್ದ ಆಟ ಅನೇಕ ಕಡೆ ಕಾಲಮಿತಿಗೆ ಇಳಿದದ್ದಕ್ಕೆ ಇದೂ ಒಂದು ಕಾರಣ. ಬೆಳಗಿನ ಜಾವದ ಬಣ್ಣದ ವೇಷವನ್ನು ಕಣ್ಣುಜ್ಜಿಕೊಂಡು ನೋಡಿದ ನನ್ನಂಥವರಿಗೆ ಅದು ನೋವಿನ ಮಾತೇ. ಆದರೆ ಬಾಣಂತಿಯ ಮುಂದೆ ಆ ನೋವನ್ನು ಹೇಗೆ ಎತ್ತುವುದು?

ನಮ್ಮ ಆಟ ಸಂಜೆ ಐದೂವರೆಗೇ ಪ್ರಾರಂಭವಾಯಿತು. ಅಂಬೆ ಭೀಷ್ಮನ ಮುಂದೆ ನಿಂತು ತನ್ನ ಗತಿಯೇನೆಂದು ಕೇಳುವ ಸನ್ನಿವೇಶ ಬಂದಾಗ ಎಂಟು ಗಂಟೆಯಿರಬಹುದು. ಭಾಗವತರು ಪದವನ್ನು ಎತ್ತಿಕೊಂಡಿದ್ದರು. ಇದ್ದಕ್ಕಿದ್ದಂತೆ ಪೆಟ್ಟಿಗೆಗಳೆಲ್ಲ ಮೂಕವಾದವು. ದೀಪಗಳು ಉರಿಯುತ್ತಿದ್ದವು, ಆಂಪ್ಲಿಫೈಯರಿನ ಫ್ಯೂಸು ಮಾತ್ರ ಹೋಗಿತ್ತು. ನನ್ನ ಎದೆ ಧಸಕ್ಕೆಂದಿತು. ಪೇಟೆಯ ಅಂಗಡಿಯವರು ಸಭೆಯಲ್ಲೆಲ್ಲೋ ಕುಳಿತಿದ್ದರೆಂಬುದೂ ನೆನಪಾಯಿತು.

ಭಾಗವತರು ಹಾಡು ನಿಲ್ಲಿಸಲಿಲ್ಲ. ತಾಳವನ್ನು ಮಂದಗೊಳಿಸಿ ಕಂಠವನ್ನು ಏರಿಸಿದರು. ಚಂಡೆಯವರು ಕೋಲನ್ನು ಕೆಳಗಿಳಿಸಿ, ಮದ್ದಳೆ ಮಾತ್ರ ಉಳಿಯಿತು. ಯಾರೂ ಹೇಳದೆ ಹಿಂದಿನ ಸಾಲಿನವರು ಎದ್ದು, ಚಾಪೆಯನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಬಂದು ಕುಳಿತರು. ಕಡಲೆ ಮಾರುವವನೂ ಸುಮ್ಮನಾದ. ಅಂಬೆಯ ವೇಷಧಾರಿ ಮುಂದಕ್ಕೆ ಎರಡು ಹೆಜ್ಜೆ ಬಂದು, ಕೂಗದೆ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಆಡಿದ. ಅಣ್ಣಯ್ಯ ದೊಡ್ಡಮ್ಮನ ಕುರ್ಚಿಯನ್ನು ಆಕೆ ಕುಳಿತಂತೆಯೇ ಎತ್ತಿ ರಂಗಸ್ಥಳದ ಬಳಿ ಇರಿಸಿದ. ಆಕೆ ಎಡಗಿವಿಯನ್ನು ಅತ್ತ ತಿರುಗಿಸಿ, ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಹತ್ತು ನಿಮಿಷದಲ್ಲಿ ಫ್ಯೂಸು ಸರಿಹೋಯಿತು. ಮೈಕಿನವರು ಗುಂಡಿಗೆ ಕೈಯಿಟ್ಟು ನನ್ನತ್ತ ನೋಡಿದರು. ಮೊದಲಿಗಿಂತ ಸ್ವಲ್ಪ ಕಡಿಮೆ ಇರಲೆಂದು ನಾನು ಕೈಸನ್ನೆ ಮಾಡಿದೆ. ಅವರು ಅಷ್ಟು ಹೊತ್ತಿಗಾಗಲೇ ಇಳಿಸಿದ್ದರು. ಆಟ ಹತ್ತಕ್ಕೆ ಐದು ನಿಮಿಷವಿರುವಾಗ ಮುಗಿಯಿತು.

ಮರುದಿನ ಬೆಳಗ್ಗೆ ಬಾಣಂತಿಯ ಮನೆಗೆ ಪ್ರಸಾದ ಕೊಡಲು ಹೋದೆ. ಮಗು ಒಂಬತ್ತಕ್ಕೆ ಮಲಗಿದ್ದು ನಡುರಾತ್ರಿಯ ತನಕ ಎದ್ದಿರಲಿಲ್ಲವಂತೆ. ಹಿಂದಿರುಗುವಾಗ ನದಿಯಾಚೆಯ ವೃದ್ಧರೊಬ್ಬರು ಸಂಕದ ಮೇಲೆ ಎದುರಾದರು. ಕಾಲು ನೋವಿನಿಂದ ಆಟಕ್ಕೆ ಬರಲಾಗಲಿಲ್ಲವೆಂದೂ, ಜಗಲಿಯಲ್ಲಿ ಕುಳಿತು ಕೇಳೋಣವೆಂದು ಕಂಬಳಿ ಹೊದ್ದು ಕಾದಿದ್ದೆನೆಂದೂ ಹೇಳಿ, "ನಿಮ್ಮ ಮೈಕು ಪ್ರಯೋಜನವಿಲ್ಲ ಮಾರಾಯ್ರೆ, ಕೇಳಿ ಬಡಿದದ್ದೊಂದು ಬಿಟ್ಟರೆ ನನಗೆ ಏನೂ ಕೇಳಲಿಲ್ಲ" ಎಂದು ಮುಖ ಗಂಟಿಕ್ಕಿದರು. ನಾನು ಉತ್ತರ ಕಾಣದೆ ಕೈಯಲ್ಲುಳಿದ ಪ್ರಸಾದದ ಪೊಟ್ಟಣವನ್ನು ಅವರಿಗೆ ಕೊಟ್ಟೆ.